ಹಂದಿಗೆ ಹಳೆಯ ಹನ್ನೆರಡು ಬೋರಿನ ತೋಟೆ ಸಾಕೇ?

ಅಡಿಕೆ ತೋಟದ ಬದಿಯಲ್ಲಿ ಮರಗೆಣಸು, ಕೆಸು, ಸುವರ್ಣಗೆಡ್ಡೆ ನೆಡುವ ಧೈರ್ಯ ಈಗ ಪೈವಳಿಕೆ, ಬಾಯಾರು, ಮೀಂಜ, ಪುತ್ತಿಗೆ, ಎಣ್ಮಕಜೆ ಕಡೆಯ ಕೃಷಿಕರಲ್ಲಿ ಕಡಿಮೆಯಾಗುತ್ತಿದೆ. ಪೊಸಡಿಗುಂಪೆಯ ಇಳಿಜಾರಿನಂತಹ ಕಾಡು ಪೊದೆಗಳಲ್ಲಿ ಹಗಲು ಮಲಗಿ, ರಾತ್ರಿ ಇಳಿದು ಬರುವ ಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ಬಾಳೆಯ ಬುಡವನ್ನು ಒಕ್ಕಿ, ಗದ್ದೆಯ ಪೈರನ್ನು ಹೊರಳಾಡಿ ಮಲಗಿಸಿ, ಹೊಸದಾಗಿ ನೆಟ್ಟ ಅಡಿಕೆ ಸಸಿಗಳನ್ನು ಕಿತ್ತು ಹಾಕಿ ಹೋಗುತ್ತದೆ. ಆದುದರಿಂದ ಹಳೆಯ ಮನೆಗಳಲ್ಲಿ ಅಜ್ಜಂದಿರ ಕಾಲದಿಂದ ಉಳಿದುಬಂದ ಕೋವಿಯ ನೆನಪು ಮತ್ತೆ ಎಲ್ಲರಿಗೂ ಆಗುತ್ತಿದೆ. ಈ ಹಳೆಯ ಕೋವಿ, ಈ ಹಳೆಯ ತೋಟೆ ಹಂದಿಯಂತಹ ದೊಡ್ಡ ಮೃಗಕ್ಕೆ ಸಾಲುತ್ತದೆಯೇ, ಅಥವಾ ರೈಫಲೇ ಬೇಕೇ ಎಂಬ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. ಇದು ಬರಿಯ ಶೋಕಿಯ ಪ್ರಶ್ನೆಯಲ್ಲ. ಸಾಲದ ಕೋವಿಯಿಂದ ಗಾಯಗೊಂಡು ಓಡಿದ ಹಂದಿ ಮರುದಿನ ಬೆಳಿಗ್ಗೆ ಹುಲ್ಲಿಗೆ ಹೋದ ಹೆಂಗಸಿನ ಮೇಲೆ ಬೀಳಬಹುದು. ಅಗತ್ಯಕ್ಕಿಂತ ಹೆಚ್ಚಿನ ಕೋವಿಯಿಂದ ಹಾರಿದ ಗುಂಡು ನೆರೆಮನೆಯ ಜಗಲಿಯನ್ನು ಮುಟ್ಟಬಹುದು. ಆದ ಕಾರಣ ಈ ವಿಷಯವನ್ನು ಲೆಕ್ಕ ಹಿಡಿದು ನೋಡುವುದು ಒಳ್ಳೆಯದು.

ಬೋರು ಎಂದರೇನು?

ನಮ್ಮಲ್ಲಿ ಕಂಡುಬರುವ ಕೋವಿಗಳು ಮುಖ್ಯವಾಗಿ ಎರಡು ಬಗೆ. ನಳಿಗೆಯ ಬಾಯಿಯಿಂದ ಮದ್ದು, ಕತ್ತ, ಚರೆಗಳನ್ನು ತುಂಬಿ ಗಜದಿಂದ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿ ಒಂದು. ಹಿಂದಿನಿಂದ ಮಡಚಿ ತೋಟೆ ಹಾಕುವ ತೋಟೆಕೋವಿ ಇನ್ನೊಂದು. ಎರಡರ ನಳಿಗೆಯೂ ಒಳಗೆ ನಯವಾಗಿರುತ್ತದೆ. ರೈಫಲಿನ ನಳಿಗೆಯಲ್ಲಾದರೋ ಒಳಗೆ ತಿರುಪಿನ ಗೀರುಗಳಿದ್ದು, ಅದು ಒಂದೇ ಗುಂಡನ್ನು ತಿರುಗಿಸುತ್ತ ಬಹುದೂರ ಕಳುಹಿಸುತ್ತದೆ.

ಹನ್ನೆರಡು ಬೋರು ಎಂಬುದು ಅಂಗುಲದ ಅಳತೆಯಲ್ಲ. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡುಗಳನ್ನು ಎರಕ ಹೊಯ್ದರೆ ಅವುಗಳಲ್ಲೊಂದು ಯಾವ ನಳಿಗೆಗೆ ಸರಿಯಾಗಿ ಕೂರುತ್ತದೆಯೋ ಅದು 12 ಬೋರು. ಅಂದರೆ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರು. 16 ಬೋರೆಂದರೆ ಪೌಂಡಿಗೆ 16 ಗುಂಡು. ಆದುದರಿಂದ ಅದರ ನಳಿಗೆ ಇನ್ನೂ ಸಣ್ಣದು. ಸಂಖ್ಯೆ ದೊಡ್ಡದಾದಷ್ಟು ನಳಿಗೆ ಸಣ್ಣದಾಗುವುದರ ಗುಟ್ಟು ಇಷ್ಟೇ.

ಚರೆಯ ಲೆಕ್ಕ

ತೋಟೆಯ ಮೇಲೆ ಎಲ್.ಜಿ., ಎಸ್.ಜಿ., ಬಿ.ಬಿ., 4, 6 ಎಂದು ಮುದ್ರಿಸಿರುತ್ತಾರೆ. ಇದು ಚರೆಯ ಗಾತ್ರ. ನಮ್ಮಲ್ಲಿ ನಡೆಯುವ ಬ್ರಿಟಿಷ್ ಅಳತೆಯಂತೆ ಒಂದು ಔನ್ಸು ಸೀಸದಲ್ಲಿ ಎಲ್.ಜಿ. ಚರೆ ಸುಮಾರು 6, ಎಸ್.ಜಿ. 8, ಬಿ.ಬಿ. 70, ಆರನೆಯ ನಂಬರು 270 ಇರುತ್ತವೆ. ಒಂದು ಔನ್ಸೆಂದರೆ 28 ಗ್ರಾಮಿಗೆ ತುಸು ಹೆಚ್ಚು. ಭಾಗಿಸಿ ನೋಡಿದರೆ ಎಲ್.ಜಿ.ಯ ಒಂದು ಚರೆ ಸುಮಾರು ನಾಲ್ಕೂವರೆ ಗ್ರಾಮು. ಆರನೆಯ ನಂಬರಿನದು ಗ್ರಾಮಿನ ಹತ್ತನೆಯ ಒಂದು ಪಾಲು ಮಾತ್ರ.

ಕಾಡುಕೋಳಿ, ಮೊಲಗಳಿಗಾಗಿ ಹಿಂದೆ ತರಿಸುತ್ತಿದ್ದ ಸಣ್ಣ ಚರೆಯ ತೋಟೆ ಹಂದಿಗೆ ಏಕೆ ಒದಗುವುದಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ಬಲಿತ ಗಂಡು ಹಂದಿ ನೂರು ಕಿಲೋ ದಾಟುವುದುಂಟು. ಅದರ ಹೆಗಲಿನ ಚರ್ಮದಡಿಯಲ್ಲಿ ಗುರಾಣಿಯಂತಹ ಗಟ್ಟಿ ಪದರವಿರುತ್ತದೆ; ಗಂಡುಗಳು ಒಂದಕ್ಕೊಂದು ಕೋರೆಯಿಂದ ತಿವಿದಾಡುವಾಗ ಎದೆಯನ್ನು ಕಾಯುವುದು ಅದೇ. ಮೇಲೆ ಕೆಸರಿನ ಲೇಪ ಬೇರೆ. ಸಣ್ಣ ಚರೆ ಅಲ್ಲಿಯೇ ನಿಂತು ಹುಣ್ಣಾಗುತ್ತದೆ. ಹಂದಿ ಸಾಯುವುದಿಲ್ಲ, ಕೀವು ಕಟ್ಟಿ ನರಳುತ್ತ ಸಿಟ್ಟಿನಿಂದ ಪೊದೆಯಲ್ಲಿರುತ್ತದೆ. ಆದುದರಿಂದ ಹಂದಿಗೆ ಎಲ್.ಜಿ. ಅಥವಾ ಎಸ್.ಜಿ., ಇಲ್ಲವೆ ಒಂಟಿ ಗುಂಡಿನ ತೋಟೆ; ಇವಲ್ಲದೆ ಬೇರೆ ಯಾವುದೂ ಸಲ್ಲದು.

ಎಷ್ಟು ದೂರ?

ಎಲ್.ಜಿ. ಹಾಕಿದರೆ ಐವತ್ತು ಗಜದಲ್ಲಿಯೂ ಹಂದಿ ಬೀಳುತ್ತದೆಂದು ಹೇಳುವವರಿದ್ದಾರೆ. ಬಿದ್ದದ್ದೂ ಇರಬಹುದು. ಆದರೆ ಬಿದ್ದ ಒಂದನ್ನು ನೆನಪಿಟ್ಟುಕೊಳ್ಳುವವರು ಗಾಯಗೊಂಡು ಹೋದ ಹಲವನ್ನು ಮರೆಯುತ್ತಾರೆ. ಶಾಲೆಯ ಮಕ್ಕಳ ಲೆಕ್ಕದಿಂದಲೇ ಇದನ್ನು ನೋಡೋಣ.

ಚರೆಗಳು ನಳಿಗೆಯಿಂದ ಹೊರಟ ಮೇಲೆ ಹರಡುತ್ತ ಹೋಗುತ್ತವೆ. ಬಾಯಿಯಲ್ಲಿ ಚೋಕು, ಅಂದರೆ ಕಿರಿದುಗೊಳಿಸಿದ ಬಿಗಿತ, ಇಲ್ಲದ ನಳಿಗೆಯಿಂದ 40 ಗಜದಲ್ಲಿ 30 ಅಂಗುಲ ಅಡ್ಡಳತೆಯ ವೃತ್ತದೊಳಗೆ ನೂರಕ್ಕೆ ಸುಮಾರು 40 ಚರೆಗಳೂ, ಪೂರ್ಣ ಚೋಕಿನ ನಳಿಗೆಯಿಂದ ಸುಮಾರು 70 ಚರೆಗಳೂ ಬೀಳುತ್ತವೆಂಬುದು ಕೋವಿ ಮಾಡುವವರ ಅಳತೆ. ಸಣ್ಣ ಚರೆಗೆ ಗೊತ್ತುಮಾಡಿದ ಈ ಅಳತೆಯನ್ನು ಅಂದಾಜಿಗಾಗಿ ದೊಡ್ಡ ಚರೆಗೂ ಹಿಡಿಯಬಹುದು. ತೋಟೆಯಲ್ಲಿ ಏಳು ಎಲ್.ಜಿ. ಚರೆಗಳಿವೆಯೆಂದು ಭಾವಿಸಿದರೆ, ಚೋಕಿಲ್ಲದ ನಳಿಗೆಯಿಂದ ಆ ವೃತ್ತದೊಳಗೆ ಬೀಳುವುದು ಮೂರು ಚರೆ. ವೃತ್ತದ ವಿಸ್ತೀರ್ಣ ಸುಮಾರು 707 ಚದರ ಅಂಗುಲ. ಹಂದಿಯ ಗುಂಡಿಗೆ, ಶ್ವಾಸಕೋಶಗಳಿರುವ ಮರ್ಮಸ್ಥಾನವನ್ನು 9 ಅಂಗುಲದ ವೃತ್ತವೆಂದು ಹಿಡಿದರೆ ಅದರ ವಿಸ್ತೀರ್ಣ 64 ಚದರ ಅಂಗುಲ, ಅಂದರೆ ಹನ್ನೊಂದನೆಯ ಒಂದು ಪಾಲು. ಮೂರು ಚರೆಗಳಿಗೆ ಹನ್ನೊಂದನೆಯ ಒಂದು ಪಾಲೆಂದರೆ ನಾಲ್ಕು ಈಡಿಗೆ ಒಂದು ಚರೆ ಕೂಡ ಕಷ್ಟದಿಂದ ಮರ್ಮಕ್ಕೆ ಮುಟ್ಟುತ್ತದೆ. ಉಳಿದವು ಹೊಟ್ಟೆಗೆ, ತೊಡೆಗೆ, ಇಲ್ಲವೆ ಗಾಳಿಗೆ.

ಅದೇ ಕೋವಿಯನ್ನು 20 ಗಜಕ್ಕೆ ತಂದರೆ ಹರಡುವಿಕೆ ಅರ್ಧವಾಗುತ್ತದೆ. ವಿಸ್ತೀರ್ಣ ಕಾಲಂಶಕ್ಕೆ ಇಳಿಯುತ್ತದೆ. ನಡುವಿನಲ್ಲಿ ಚರೆಗಳು ಇನ್ನೂ ದಟ್ಟವಾಗಿರುವುದರಿಂದ ಒಂದೆರಡು ಚರೆಗಳಾದರೂ ಮರ್ಮಕ್ಕೆ ತಗಲುವ ನಂಬಿಕೆ ಬರುತ್ತದೆ. ಆದುದರಿಂದ ಚರೆಯ ತೋಟೆಗೆ 20 ಗಜವೇ ಗಡಿ. ಚೋಕಿಲ್ಲದ ನಳಿಗೆಯಾದರೆ 15 ಗಜ. ಒಂಟಿ ಗುಂಡಿನ ತೋಟೆ ಹರಡುವುದಿಲ್ಲ, ತೂಕವೂ ಹೆಚ್ಚು; ಆ ಕೋವಿಯಿಂದ ಅದೇ ತೋಟೆಯನ್ನು ಪೊಲೀಸರ ಒಪ್ಪಿಗೆಯಿರುವ ಗುರಿ ಮೈದಾನದಲ್ಲಿ ಮೊದಲೇ ಹೊಡೆದು ನೋಡಿದವರು 40 ಗಜದವರೆಗೆ ನೆಚ್ಚಬಹುದು. ಹೊಡೆದು ನೋಡದವರಿಗೆ ಅದೂ 20 ಗಜವೇ.

ಗುರಿ ಇಡತಕ್ಕದ್ದು ಹಂದಿ ಅಡ್ಡಲಾಗಿ ನಿಂತಾಗ, ಮುಂಗಾಲಿನ ಸ್ವಲ್ಪ ಹಿಂದೆ, ಎದೆಯ ಕೆಳ ಅರ್ಧಕ್ಕೆ. ಎದುರಿಗೆ ಬರುವ ಹಂದಿಯ ತಲೆಬುರುಡೆಗೂ, ಓಡಿಹೋಗುವ ಹಂದಿಯ ಹಿಂಭಾಗಕ್ಕೂ ಹೊಡೆಯದಿರುವುದು ಲೇಸು.

ಕೇಪಿನ ಕೋವಿಯ ಸಂಗತಿ

ಕೇಪಿನ ಕೋವಿಯನ್ನು ಹೀಗಳೆಯುವ ಅಗತ್ಯವಿಲ್ಲ. ಒಂದು ಕಾಲದಲ್ಲಿ ನಮ್ಮ ಗದ್ದೆಗಳನ್ನು ಕಾದದ್ದು ಅದೇ. ಆದರೆ ಅದರ ಮದ್ದಿನ ಅಳತೆ ಕೈಯಂದಾಜಿನದು. ಇಂದಿನ ಈಡಿನ ಬಲ ನಾಳೆಯ ಈಡಿಗಿಲ್ಲ. ನಮ್ಮ ಆಷಾಢದ ಮಳೆಯಲ್ಲಿ ಮದ್ದು ಬೇಗ ಥಂಡಿ ಹಿಡಿಯುತ್ತದೆ. ಕೇಪು ಸಿಡಿದರೂ ಮದ್ದು ಹೊತ್ತಿಕೊಳ್ಳದೆ, ಕೋವಿಯನ್ನು ಇಳಿಸಿ ನೋಡುವಾಗ ಹಾರುವುದುಂಟು. ಮುಖ, ಕೈ ಕಳೆದುಕೊಳ್ಳುವುದು ಹೀಗೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಈಡಿನಲ್ಲಿ ಬೀಳದ ಹಂದಿ ತಿರುಗಿ ಬಂದರೆ ಎರಡನೆಯ ಈಡು ತುಂಬುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ.

ಆಶ್ಚರ್ಯವೆಂದರೆ, ಈ ಪ್ರಶ್ನೆಯನ್ನು ನಮ್ಮ ದೇಶದ ಕಾಯ್ದೆಯೇ ಎತ್ತಿದೆ. 1959ರ ಆಯುಧ ಕಾಯ್ದೆಯ 13ನೆಯ ವಿಧಿಯು ಬೆಳೆರಕ್ಷಣೆಗೆ ಕೇಪಿನ ಕೋವಿಯಂತಹ ಬಾಯಿಯಿಂದ ತುಂಬುವ ಕೋವಿಗೆ ಲೈಸನ್ಸು ಕೊಡಬೇಕೆನ್ನುತ್ತದೆ. ಅದು ಬೆಳೆರಕ್ಷಣೆಗೆ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬೇರೆ ನಯನಳಿಗೆಯ ಕೋವಿಗೂ ಕೊಡಬಹುದೆಂದು ಅದೇ ವಿಧಿ ಹೇಳುತ್ತದೆ. ಅರ್ಜಿ ಹಾಕುವವರು ಈ ಮಾತನ್ನು ತಿಳಿದಿರಬೇಕು. ಕೇಪಿನ ಕೋವಿ ಏಕೆ ಸಾಲದೆಂಬುದನ್ನು, ಹಂದಿಯಿಂದಾದ ನಷ್ಟದ ವಿವರದೊಂದಿಗೆ ಅರ್ಜಿಯಲ್ಲಿಯೇ ಬರೆಯತಕ್ಕದ್ದು.

ಹಳೆಯ ನಳಿಗೆಗೆ ಹೊಸ ತೋಟೆ

ಹಳೆಯ ತೋಟೆಕೋವಿ ಇರುವವರು ಗಮನಿಸಬೇಕಾದ ಎರಡು ಅಪಾಯಗಳಿವೆ. ಒಂದು, ತೋಟೆಯ ಉದ್ದ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು ಎರಡೂವರೆ ಅಂಗುಲದ, ಅಂದರೆ 65 ಮಿಲಿಮೀಟರಿನ ತೋಟೆಗಾಗಿ ಮಾಡಿದವು. ಈಗ 70 ಮಿಲಿಮೀಟರಿನ ತೋಟೆಗಳೂ ಮಾರಾಟಕ್ಕಿವೆ. ಮಡಿಚಿದ ಬಾಯಿಯ ಈ ಉದ್ದ ತೋಟೆ ಹಳೆಯ ಕೋವಿಯಲ್ಲಿ ಸುಲಭವಾಗಿ ಕೂರುತ್ತದೆ. ಅದೇ ಮೋಸ. ಹೊಡೆದಾಗ ಮಡಿಕೆ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ ನಳಿಗೆ ಕಿರಿದಾಗುವಲ್ಲಿ ಸಿಕ್ಕಿ, ಒಳಗಿನ ಒತ್ತಡ ಮಿತಿಮೀರುತ್ತದೆ. ಎರಡನೆಯದು, ಮದ್ದಿನ ಜಾತಿ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದು ಮಾಡಿದ, ಮೈಮೇಲೆ ಅಲೆಅಲೆಯಾದ ಗೆರೆಗಳಿರುವ ಡಮಾಸ್ಕಸ್ ನಳಿಗೆಗಳು ಸಾಮಾನ್ಯವಾಗಿ ಕರಿಮದ್ದಿಗಾಗಿ ಪರೀಕ್ಷಿಸಲ್ಪಟ್ಟವು. ಈಗಿನ ಹೊಗೆರಹಿತ ಮದ್ದಿನ ತೋಟೆಯನ್ನು ಅವುಗಳಲ್ಲಿ ಹೊಡೆಯಲೇಬಾರದು. ನಳಿಗೆಯ ಅಡಿಯಲ್ಲಿರುವ ಮುದ್ರೆಗಳನ್ನು ಬಲ್ಲ ಲೈಸನ್ಸುದಾರ ಕೋವಿ ರಿಪೇರಿಯವರಿಗೆ ತೋರಿಸಿ, ಒಳಗಿನ ತುಕ್ಕು, ಸಂದುಗಳ ಸಡಿಲ ಪರೀಕ್ಷಿಸಿಕೊಂಡ ಮೇಲೆಯೇ ತೋಟೆಗೆ ಕೈಹಾಕಬೇಕು.

ತೋಟೆಗಳಲ್ಲಿ ನಮ್ಮ ದೇಶದ್ದೇ ಆದ, ಪುಣೆಯ ಬಳಿಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟೆ ಬಹಳ ಕಾಲದಿಂದ ಪರಿಚಿತ. ಯಾವುದೇ ಆಗಲಿ, ಕರಾವಳಿಯ ಹವೆ ತೋಟೆಗೆ ಶತ್ರು. ಕಾಗದದ ಹಳೆಯ ತೋಟೆ ಮಳೆಗಾಲದಲ್ಲಿ ಉಬ್ಬಿ ನಳಿಗೆಯಲ್ಲಿ ಕಚ್ಚಿಕೊಳ್ಳುತ್ತದೆ. ಹಿತ್ತಾಳೆಯ ತಳದಲ್ಲಿ ಹಸಿರು ಕಿಲುಬು ಕಂಡ ತೋಟೆಯನ್ನೂ, ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದ ತೋಟೆಯನ್ನೂ ಹೊಡೆಯದೆ ಪೊಲೀಸು ಠಾಣೆಗೆ ತಿಳಿಸಿ ಒಪ್ಪಿಸಿಬಿಡುವುದು ಕ್ಷೇಮ. ಒಳ್ಳೆಯ ತೋಟೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯ ಬಿಸಿ ತಾಗದ ಕಡೆ, ಕೋವಿಯಿಂದ ಬೇರೆಯಾಗಿ ಬೀಗ ಹಾಕಿ ಇಡತಕ್ಕದ್ದು.

ರೈಫಲಿನ ಮಾತು

ಬೇಟೆಯ ಪುಸ್ತಕ ಓದಿದ ಯುವಕರಿಗೆ ರೈಫಲಿನ ಮೇಲೆ ಮನಸ್ಸು. ಬೆಂಗಳೂರಿನ ಕೆನೆತ್ ಆಂಡರ್ಸನ್ನರು (1910-1974) ನರಭಕ್ಷಕ ಹುಲಿ, ಚಿರತೆಗಳ ಬೆನ್ನು ಹತ್ತಿದಾಗ ಕೈಯಲ್ಲಿದ್ದುದು .405 ವಿಂಚೆಸ್ಟರ್ ರೈಫಲು. 1904ರಲ್ಲಿ ಬಂದ ಆ ತೋಟೆಯಲ್ಲಿ 300 ಗ್ರೇನ್, ಅಂದರೆ ಸುಮಾರು 19 ಗ್ರಾಮಿನ ಒಂದೇ ಗುಂಡು. ವೇಗ ಸೆಕೆಂಡಿಗೆ 2200 ಅಡಿ. ಅಮೇರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟರು 1909ರಲ್ಲಿ ಆಫ್ರಿಕದ ಬೇಟೆಗೆ ಒಯ್ದವುಗಳಲ್ಲಿಯೂ ಅದಿತ್ತು. ಆಂಡರ್ಸನ್ನರ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದರು. ನಮ್ಮ ನೆರೆಯ ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ತುಳುನಾಡಿನ ಬೇಟೆಯ ಕಾಲವನ್ನೇ ಹಿಡಿದಿಟ್ಟ ಗ್ರಂಥ. ಓದಿ ಸಂತೋಷಪಡೋಣ. ಆದರೆ ಆ ಕಾಲ ಮುಗಿದಿದೆ. ಹುಲಿಬೇಟೆ 1970ರಲ್ಲಿಯೇ ನಿಂತಿತು; ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ವಿನೋದದ ಬೇಟೆಯೆಂಬುದು ಈಗ ಈ ದೇಶದಲ್ಲಿಲ್ಲ. ಕಾಟಿ, ಕಡವೆಗಳಿಗೆ ಯಾವ ತೋಟೆ ಒಳ್ಳೆಯದೆಂಬ ಪ್ರಶ್ನೆಗೆ ಈಗ ಅರ್ಥವೂ ಇಲ್ಲ, ಅವಕಾಶವೂ ಇಲ್ಲ.

ಹಂದಿಯ ಮಟ್ಟಿಗೆ ರೈಫಲು ಸಾಲದೆಂದಲ್ಲ, ಮಿತಿಮೀರಿದ್ದು. ಸೈನ್ಯದ .303 ಬೋರು ಸಾಮಾನ್ಯರಿಗೆ ನಿಷಿದ್ಧ. ಲೈಸನ್ಸಿಗೆ ಸಿಗುವ .315 ರೈಫಲಿನ ಗುಂಡು ತಡೆಯಿಲ್ಲದೆ ಹೋದರೆ ಮೈಲಿಗಟ್ಟಲೆ ಹೋಗುತ್ತದೆ. ಚರೆಯ ಲೆಕ್ಕ ಬೇರೆ. ಚರೆಯ ವ್ಯಾಸವನ್ನು ಅಂಗುಲದಲ್ಲಿ ಹಿಡಿದು 2200ರಿಂದ ಗುಣಿಸಿದರೆ ಅದು ಹೆಚ್ಚೆಂದರೆ ಎಷ್ಟು ಗಜ ಹೋಗಬಹುದೆಂದು ತಿಳಿಯುತ್ತದೆಂಬುದು ಹಳೆಯ ಸೂತ್ರ. ಎಲ್.ಜಿ. ಚರೆಯ ವ್ಯಾಸ 0.36 ಅಂಗುಲ, ಗುಣಿಸಿದರೆ ಸುಮಾರು 790 ಗಜ. ಅದೂ ಕಡಿಮೆಯೇನಲ್ಲ. ನಮ್ಮ ಊರು ಬಯಲುಸೀಮೆಯ ಹಾಗೆ ಮನೆಗಳು ಒಂದೆಡೆ, ಹೊಲಗಳು ಒಂದೆಡೆ ಇರುವಂಥದಲ್ಲ. ತೋಟಕ್ಕೊಂದು ಮನೆ, ಗುಡ್ಡದ ಬದಿಗೊಂದು ಮನೆ. ಮುರಕಲ್ಲಿನ ಪಾರೆಗೆ ತಾಗಿದ ಗುಂಡು ಯಾವ ದಿಕ್ಕಿಗೆ ಚಿಮ್ಮುವುದೋ ಹೇಳಲಾಗದು. ಆದುದರಿಂದ ಎತ್ತರದ ಅಟ್ಟಳಿಗೆಯಲ್ಲಿ ಕುಳಿತು, ಗುಂಡು ಹಂದಿಯನ್ನು ದಾಟಿದರೂ ಮಣ್ಣಿಗೇ ಇಳಿಯುವ ಹಾಗೆ ಕೆಳಮುಖವಾಗಿ ಹೊಡೆಯುವುದೇ ನಮಗೆ ಸರಿಯಾದ ಕ್ರಮ. ಅಟ್ಟಳಿಗೆಯಿಂದ ಹಂದಿ ಬರುವ ದಾರಿಗೆ 15-20 ಗಜ ಮಾತ್ರ ಇರುವಲ್ಲಿ ಹನ್ನೆರಡು ಬೋರಿಗಿಂತ ಹೆಚ್ಚಿನದು ಬೇಕಾಗಿಯೇ ಇಲ್ಲ.

ಅನುಮತಿಯಿಲ್ಲದೆ ಕೋವಿ ಎತ್ತಬಾರದು

ಹಂದಿ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಕೋವಿಗೆ ಲೈಸನ್ಸು ಇದ್ದ ಮಾತ್ರಕ್ಕೆ ಹಂದಿಗೆ ಹೊಡೆಯಲು ಅಧಿಕಾರ ಬಂದಂತಲ್ಲ. ಕಾಯ್ದೆಯ 11ನೆಯ ವಿಧಿಯಂತೆ ಬೆಳೆಗೆ ಅಪಾಯಕಾರಿಯಾದ ಹಂದಿಯನ್ನು ಕೊಲ್ಲಲು ಅಧಿಕಾರಿಯ ಲಿಖಿತ ಅನುಮತಿ ಬೇಕು. 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಪಂಚಾಯತು ಅಧ್ಯಕ್ಷರೇ ಮೊದಲಾದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಗೌರವ ವನ್ಯಜೀವಿ ಪಾಲಕರ ಸ್ಥಾನ ಕೊಟ್ಟು ಈ ಅನುಮತಿಯನ್ನು ಊರಿನಲ್ಲಿಯೇ ಸಿಗುವಂತೆ ಮಾಡಿತು. ಆ ಆದೇಶಕ್ಕೆ ಅವಧಿಯಿದ್ದು, ಅದನ್ನು ಮುಂದುವರಿಸಬೇಕಾಗುತ್ತದೆ. ಆದುದರಿಂದ ಅದು ಚಾಲ್ತಿಯಲ್ಲಿದೆಯೇ ಎಂದು ಪ್ರತಿ ಸಲವೂ ಪಂಚಾಯತು ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯತಕ್ಕದ್ದು. ಸ್ವಂತ ಕೋವಿ ಇಲ್ಲದವರು ಪಂಚಾಯತು ಗೊತ್ತುಮಾಡಿದ ಲೈಸನ್ಸುದಾರರನ್ನು ಕಳುಹಿಸುವಂತೆ ಕೇಳಬಹುದು. ಭಾಷಾ ಅಲ್ಪಸಂಖ್ಯಾತರಾದ ನಾವು ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆಯಲು ಸಂಕೋಚ ಬೇಡ.

ಇನ್ನು ಕೆಲವು ವಿಷಯಗಳನ್ನು ಚುಟುಕಾಗಿ ಹೇಳುತ್ತೇನೆ:

1. ಅಜ್ಜನ ಹೆಸರಿನ ಲೈಸನ್ಸು ಅಜ್ಜನೊಡನೆಯೇ ಮುಗಿಯಿತು. ಮನೆಯವರು ಕೋವಿಯನ್ನು ಠಾಣೆಗೆ ಒಪ್ಪಿಸಿ ತಮ್ಮ ಹೆಸರಿಗೆ ಹೊಸದಾಗಿ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯಂತೆ ಲೈಸನ್ಸಿನ ಅವಧಿ 5 ವರ್ಷ.

2. ಒಬ್ಬರ ಕೋವಿಯನ್ನು ಇನ್ನೊಬ್ಬರು ಎರವಲು ತರುವಂತಿಲ್ಲ.

3. ಅನುಮತಿ ಹಂದಿಗೆ ಮಾತ್ರ. ಕತ್ತಲಲ್ಲಿ ಪೊದೆ ಅಲುಗಿತೆಂದು ಹೊಡೆಯುವುದು ಮಹಾಪರಾಧ; ಅಲ್ಲಿರುವುದು ಮುಳ್ಳುಹಂದಿಯೋ, ನೆರೆಮನೆಯ ದನವೋ, ಮನುಷ್ಯನೋ ಆಗಿರಬಹುದು. ಬೆಳಕಿನಲ್ಲಿ ಹಂದಿಯೆಂದು ಸ್ಪಷ್ಟವಾಗಿ ಕಂಡ ಮೇಲೆಯೇ ಬೆರಳು ಒಳಗೆ ಹೋಗಬೇಕು.

4. ಬಾಯಾರಿನಿಂದಾಚೆ ಕನ್ಯಾನದ ಕಡೆ ಹೋದರೆ ಕರ್ನಾಟಕ. ಹಂದಿಗೆ ಗಡಿಯಿಲ್ಲ, ನಮಗಿದೆ. ಇಲ್ಲಿನ ಅನುಮತಿ ಅಲ್ಲಿ ನಡೆಯದು. ಗಾಯಗೊಂಡ ಹಂದಿ ಗಡಿ ದಾಟಿದರೆ ಕೋವಿ ಹಿಡಿದು ಬೆನ್ನು ಹತ್ತದೆ, ಅಲ್ಲಿನ ಅರಣ್ಯ ಇಲಾಖೆಗೆ ಕೂಡಲೇ ತಿಳಿಸತಕ್ಕದ್ದು. ಗಡಿಯ ಬದಿಯ ತೋಟದವರಿಗೆ ಹತ್ತಿರದಿಂದ ಹೊಡೆಯುವುದರ ಬೆಲೆ ಇದರಿಂದ ಇನ್ನೂ ಹೆಚ್ಚು.

5. ಸತ್ತ ಹಂದಿಯನ್ನು ಹಂಚಿಕೊಂಡು ತಿನ್ನುವಂತಿಲ್ಲ. ಪಂಚಾಯತಿಗೆ ತಿಳಿಸಿ, ಲೆಕ್ಕಕ್ಕೆ ಸೇರಿಸಿ, ಆಳವಾಗಿ ಹೂಳಬೇಕು. 2022ರ ಜುಲೈಯಲ್ಲಿ ವಯನಾಡಿನಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡಿತು. ಅದು ಮನುಷ್ಯರಿಗೆ ಅಂಟದಿದ್ದರೂ ಸಾಕುಹಂದಿಗಳನ್ನು ನಿರ್ನಾಮ ಮಾಡುವ ರೋಗ. ಹೂಳುವುದಕ್ಕೆ ಇದೂ ಒಂದು ಕಾರಣ.

ಕೋವಿಗಿಂತ ಕೆಟ್ಟ ದಾರಿಗಳು

ಕೋವಿಯ ತಾಪತ್ರಯ ಬೇಡವೆಂದು ಕೆಲವರು ಉರುಳು, ಸಿಡಿಮದ್ದಿನ ಉಂಡೆ, ಮನೆಯ ಕರೆಂಟಿನ ತಂತಿಗಳ ಕಡೆ ಹೋಗುತ್ತಾರೆ. ಇವೆಲ್ಲವೂ ಕಾನೂನಿಗೆ ವಿರುದ್ಧ; ಅದಕ್ಕಿಂತ ಮೇಲಾಗಿ ಇವಕ್ಕೆ ಕಣ್ಣಿಲ್ಲ. 2020ರ ಮೇಯಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಇಂತಹ ಸಿಡಿಮದ್ದಿನ ಹಣ್ಣು ಕಚ್ಚಿ ಬಸುರಿ ಆನೆಯೊಂದು ನೀರಿನಲ್ಲಿ ನಿಂತು ಸತ್ತಿತು. 2025ರ ಜೂನ್‌ನಲ್ಲಿ ಮಲಪ್ಪುರಂ ಜಿಲ್ಲೆಯ ವಳಿಕ್ಕಡವಿನಲ್ಲಿ ಹಂದಿಗೆಂದು ಕಟ್ಟಿದ ಕರೆಂಟಿನ ತಂತಿ ತಾಗಿ ಶಾಲಾ ಬಾಲಕನೊಬ್ಬ ತೀರಿಕೊಂಡ. ಮೀನು ಹಿಡಿಯಲು ಹೊರಟ ಹುಡುಗನವನು. ಒಂದು ಗೊನೆ ಬಾಳೆಗಾಗಿ ಇಂತಹ ಪಾಪವನ್ನು ಯಾವ ಕೃಷಿಕನೂ ಕಟ್ಟಿಕೊಳ್ಳಬಾರದು.

ಬೇಲಿಯೇ ಮೊದಲು

ಕೋವಿಯೊಂದರಿಂದಲೇ ತೋಟ ಉಳಿಯುತ್ತದೆಂದು ತಿಳಿಯುವುದೂ ಸರಿಯಲ್ಲ. ಹೆಣ್ಣು ಹಂದಿಯ ಗರ್ಭದ ಅವಧಿ ಸುಮಾರು 115 ದಿನ. ಒಂದು ಸೂಲಿಗೆ ನಾಲ್ಕಾರು ಮರಿ. ಒಂದು ಹಂದಿ ಬಿದ್ದರೆ ಹಿಂಡು ಕೆಲವು ದಿನ ದೂರವಿದ್ದು ಮತ್ತೆ ಬರುತ್ತದೆ. ಚುನಾವಣೆಯ ಕಾಲದಲ್ಲಿ ಕೋವಿಗಳನ್ನು ಠಾಣೆಯಲ್ಲಿ ಇಡಬೇಕಾಗುತ್ತದೆ, ಹಂದಿಗಾದರೋ ಚುನಾವಣೆಯಿಲ್ಲ. ಆದುದರಿಂದ ಅನುಕೂಲವಿದ್ದವರು ಮುರಕಲ್ಲಿನ ಪಾಗಾರ ಕಟ್ಟಿಕೊಳ್ಳಬೇಕು. ಇಲ್ಲದವರು ನೆರೆಹೊರೆ ಸೇರಿ ಸೌರಶಕ್ತಿಯ ಬೇಲಿ ಹಾಕಬಹುದು. ಯೋಗ್ಯ ಯಂತ್ರದ ಈ ಬೇಲಿಯಲ್ಲಿ ವಿದ್ಯುತ್ತು ಕ್ಷಣಮಾತ್ರ ಬಡಿದು ನಿಲ್ಲುವುದರಿಂದ ಹಂದಿ ಬೆದರುತ್ತದೆ, ಸಾಯುವುದಿಲ್ಲ. ಕೆಳಗಿನ ತಂತಿ ನೆಲದಿಂದ 8-10 ಅಂಗುಲದಲ್ಲಿ, ಅಂದರೆ ಹಂದಿಯ ಮೂತಿಯ ಮಟ್ಟದಲ್ಲಿ ಇರಬೇಕು. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಕ್ತಿಯೆಲ್ಲ ನೆಲಕ್ಕೆ ಹೋಗುತ್ತದೆ. ಆಗಾಗ ಸವರುವ ಕೆಲಸವನ್ನು ಮರೆಯಬಾರದು. ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ದಾರಿಯೂ ಇದೆ. ಹಾನಿಯ ಚಿತ್ರ ತೆಗೆದಿಟ್ಟುಕೊಂಡು ತಡಮಾಡದೆ ಅರ್ಜಿ ಸಲ್ಲಿಸತಕ್ಕದ್ದು.

ಸಾರಾಂಶವಿಷ್ಟು. ಹನ್ನೆರಡು ಬೋರಿನ ಹಳೆಯ ತೋಟೆ ಹಂದಿಗೆ ಇಂದಿಗೂ ಸಾಕು. ಆದರೆ ಅದು ಎಲ್.ಜಿ., ಎಸ್.ಜಿ. ಅಥವಾ ಒಂಟಿ ಗುಂಡು ಆಗಿರಬೇಕು, ದೂರ 20 ಗಜದೊಳಗಿರಬೇಕು, ನಳಿಗೆ ಗಟ್ಟಿಯಾಗಿರಬೇಕು, ಹಿಂದೆ ಮಣ್ಣಿರಬೇಕು, ಕೈಯಲ್ಲಿ ಅನುಮತಿಯ ಕಾಗದವಿರಬೇಕು. ಕೇಪಿನ ಕೋವಿ ಸಾಲದು, ರೈಫಲು ನಮ್ಮ ಊರಿಗೆ ಹೊಂದದು. ಈ ಐದರಲ್ಲಿ ಒಂದು ಇಲ್ಲವಾದರೂ ಆ ರಾತ್ರಿ ಹಂದಿಯನ್ನು ಹೋಗಗೊಡುವುದೇ ಜಾಣತನ. ಕಿತ್ತುಹೋದ ಸಸಿಯನ್ನು ಮತ್ತೆ ನೆಡಬಹುದು.